ನರರೋಗಗಳಲ್ಲಿ ನಿರಾಸಕ್ತಿ

ಮನಸ್ಸಿದ್ದರೆ ಮಾರ್ಗವುಂಟು ಎಂಬ ಮಾತು ಕನ್ನಡಿಗರ ಮನೆಮನೆಯಲ್ಲೂ ಕೇಳಿಬರುವಂಥದು. ಮಾಡುವ ಮನಸ್ಸೊಂದಿದ್ದರೆ ಉಳಿದುದೆಲ್ಲವೂ ಒದಗಿಬರುತ್ತದೆ, ಮಾಡದೆ ಕುಳಿತವನಿಗೆ ಮನಸ್ಸಿಲ್ಲವೆಂದೇ ಅರ್ಥ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಆರೋಗ್ಯವಂತರ ವಿಷಯದಲ್ಲಿ ಈ ನಂಬಿಕೆ ಬಹುಮಟ್ಟಿಗೆ ಸರಿಯಾದದ್ದೇ. ಆದರೆ 'ಮನಸ್ಸು ಮಾಡುವುದು' ಎಂಬ ಕ್ರಿಯೆಯೂ ಮೆದುಳಿನ ಕೆಲವು ಭಾಗಗಳು ನಡೆಸಿಕೊಡುವ ಕೆಲಸವೇ ಆಗಿದೆ. ಆ ಭಾಗಗಳಿಗೆ ಪೆಟ್ಟು ಬಿದ್ದಾಗ ಮನಸ್ಸು ಮಾಡುವ ಶಕ್ತಿಯೇ ಕುಂದುತ್ತದೆ. ಪಾರ್ಶ್ವವಾಯುವಿನಿಂದ ಕಾಲು ಬಿದ್ದುಹೋದವನನ್ನು 'ಏಕೆ ನಡೆಯುವುದಿಲ್ಲ?' ಎಂದು ಯಾರೂ ಗದರಿಸುವುದಿಲ್ಲ. ಮನಸ್ಸಿನ ಚಾಲಕಶಕ್ತಿಗೇ ಪೆಟ್ಟು ಬಿದ್ದವನನ್ನು ಮಾತ್ರ ಸೋಮಾರಿ, ಹಟಮಾರಿ, ಯಾರ ಮೇಲೂ ಪ್ರೀತಿಯಿಲ್ಲದವನು ಎಂದು ಮನೆಯವರೇ ಜರೆಯುವುದುಂಟು.

ನರರೋಗಗಳ ಜೊತೆಗೂಡಿ ಬರುವ ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ 'ಅಪಥಿ' ಎಂದು ಹೆಸರು. ಭಾವವಿಲ್ಲದಿರುವುದು ಎಂಬ ಅರ್ಥದ ಗ್ರೀಕ್ ಪದದಿಂದ ಇದು ಬಂದಿದೆ. ಕನ್ನಡದಲ್ಲಿ ಇದನ್ನು ನಿರಾಸಕ್ತಿ ಎನ್ನಬಹುದು. ಕೈ ನಡುಗುವುದು, ನಾಲಗೆ ತೊದಲುವುದು, ನೆನಪು ತಪ್ಪುವುದು ಎಲ್ಲರ ಕಣ್ಣಿಗೂ ಬೀಳುವ ಲಕ್ಷಣಗಳು. ನಿರಾಸಕ್ತಿ ಸದ್ದಿಲ್ಲದೆ ಬರುತ್ತದೆ. ರೋಗಿ ಅದನ್ನು ಕುರಿತು ದೂರುವುದಿಲ್ಲ. ದೂರಬೇಕೆಂಬ ಆಸಕ್ತಿಯೂ ಅವನಿಗಿರುವುದಿಲ್ಲ. ಆದುದರಿಂದಲೇ ಇದನ್ನು ಗುರುತಿಸುವ ಹೊಣೆ ಮನೆಯವರದಾಗುತ್ತದೆ.

ನಿರಾಸಕ್ತಿ ಎಂದರೇನು?

ಅಮೆರಿಕದ ಮನೋವೈದ್ಯ ರಾಬರ್ಟ್ ಮಾರಿನ್ ಅವರು 1991ರಲ್ಲಿ ನಿರಾಸಕ್ತಿಯನ್ನು ಪ್ರತ್ಯೇಕವಾದ ಒಂದು ರೋಗಲಕ್ಷಣ ಸಮುಚ್ಚಯವೆಂದು ವಿವರಿಸಿ, ಅದನ್ನು ಅಳೆಯುವ ಪ್ರಶ್ನಾವಳಿಯೊಂದನ್ನೂ ರಚಿಸಿದರು. ಪ್ರಜ್ಞೆ ಮಂಕಾಗಿರುವುದರಿಂದಾಗಲಿ, ಬುದ್ಧಿ ಕುಂದಿರುವುದರಿಂದಾಗಲಿ, ದುಃಖದಿಂದಾಗಲಿ ಅಲ್ಲದೆ, ಪ್ರೇರಣೆಯೇ ಕಡಿಮೆಯಾಗಿರುವ ಸ್ಥಿತಿ ಇದು ಎಂಬುದು ಅವರ ವಿವರಣೆಯ ಸಾರ. ಅಲ್ಲಿಂದೀಚೆಗೆ ಈ ವಿಷಯದಲ್ಲಿ ಬಹಳಷ್ಟು ಅಧ್ಯಯನ ನಡೆದು, 2018ರಲ್ಲಿ ಹಲವು ದೇಶಗಳ ತಜ್ಞರು ಕಲೆತು ರೋಗನಿರ್ಣಯದ ನಿಯಮಗಳನ್ನು ಪರಿಷ್ಕರಿಸಿದರು. ಅವುಗಳ ಪ್ರಕಾರ ವ್ಯಕ್ತಿಯ ಹಿಂದಿನ ಸ್ವಭಾವಕ್ಕೆ ಹೋಲಿಸಿದಾಗ ಮೂರು ಕ್ಷೇತ್ರಗಳ ಪೈಕಿ ಎರಡರಲ್ಲಾದರೂ ಕುಂದು ಕಾಣಿಸಿರಬೇಕು, ಅದು ಕನಿಷ್ಠ 4 ವಾರಗಳ ಕಾಲ ಬಹುಮಟ್ಟಿಗೆ ಎಡೆಬಿಡದೆ ಇರಬೇಕು, ಮತ್ತು ದಿನನಿತ್ಯದ ಬದುಕಿಗೆ ಅದರಿಂದ ಅಡಚಣೆಯಾಗಿರಬೇಕು.

ಮೊದಲನೆಯ ಕ್ಷೇತ್ರ ಕೆಲಸ ಮತ್ತು ಆಲೋಚನೆಯದು. ತಾನಾಗಿ ಯಾವುದನ್ನೂ ಆರಂಭಿಸದಿರುವುದು, ಆರಂಭಿಸಿದ್ದನ್ನು ಮುಗಿಸದಿರುವುದು, ಹೊಸ ಸುದ್ದಿಯಲ್ಲಿ ಕುತೂಹಲವಿಲ್ಲದಿರುವುದು ಇದಕ್ಕೆ ಸೇರುತ್ತವೆ. ಎರಡನೆಯದು ಭಾವನೆಯದು. ಮೊಮ್ಮಗು ಹುಟ್ಟಿತೆಂದರೂ ಸಂತೋಷವಿಲ್ಲ, ಆಪ್ತರು ತೀರಿಕೊಂಡರೆಂದರೂ ಕಣ್ಣೀರಿಲ್ಲ. ಮೂರನೆಯದು ಜನರೊಡನೆ ಬೆರೆಯುವುದಕ್ಕೆ ಸಂಬಂಧಿಸಿದ್ದು. ಮನೆಗೆ ಬಂದವರನ್ನು ಮಾತನಾಡಿಸದಿರುವುದು, ಕೇಳಿದ್ದಕ್ಕೆ ಒಂದೇ ಮಾತಿನಲ್ಲಿ ಉತ್ತರಿಸಿ ಸುಮ್ಮನಾಗುವುದು ಇದರ ಚಿಹ್ನೆಗಳು.

ಇಲ್ಲಿ 'ಹಿಂದಿನ ಸ್ವಭಾವಕ್ಕೆ ಹೋಲಿಸಿದಾಗ' ಎಂಬ ಮಾತು ಮುಖ್ಯವಾದದ್ದು. ಜನ್ಮತಃ ಮಿತಭಾಷಿಯಾದವರು ಮಿತವಾಗಿ ಮಾತನಾಡಿದರೆ ಅದು ರೋಗವಲ್ಲ. ಪ್ರತಿ ಭಾನುವಾರ ಪೇಟೆಗೆ ಹೋಗಿ ತಾವೇ ತರಕಾರಿ ಆರಿಸಿ ತರುತ್ತಿದ್ದವರು, ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಿದ್ದವರು, ಈಗ ಎರಡನ್ನೂ ಬಿಟ್ಟು ದಿನವಿಡೀ ಗೋಡೆ ನೋಡುತ್ತ ಕುಳಿತಿದ್ದರೆ ಅದನ್ನು ಗಮನಿಸಬೇಕು.

ಯಾವ ರೋಗಗಳಲ್ಲಿ ಇದು ಕಾಣಿಸುತ್ತದೆ?

ಪಾರ್ಕಿನ್ಸನ್ ರೋಗಿಗಳಲ್ಲಿ ನೂರಕ್ಕೆ ಸುಮಾರು 40 ಮಂದಿಯಲ್ಲಿ ನಿರಾಸಕ್ತಿ ಇರುವುದಾಗಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕಗಳು ತಿಳಿಸುತ್ತವೆ. ಕೆಲವರಲ್ಲಿ ಕೈನಡುಕ ಆರಂಭವಾಗುವುದಕ್ಕೂ ಮೊದಲೇ ಇದು ತಲೆದೋರುತ್ತದೆ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಮೂವರಲ್ಲಿ ಒಬ್ಬರಿಗೆ, ಆಲ್ಜೈಮರ್ ಎಂಬ ಮರೆಗುಳಿ ರೋಗವುಳ್ಳವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದು ಉಂಟಾಗುತ್ತದೆ. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು, ಹಂಟಿಂಗ್ಟನ್ ರೋಗಿಗಳು, ಮೆದುಳಿನ ಮುಂಭಾಗವೇ ಸವೆಯುವ ಬಗೆಯ ಮರೆವಿನ ರೋಗವುಳ್ಳವರು ಸಹ ಇದಕ್ಕೆ ಗುರಿಯಾಗುತ್ತಾರೆ.

ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಮರೆವಿನ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿತು. ಇದಕ್ಕೆ ಪಾರ್ಶ್ವವಾಯು ಮತ್ತು ಪಾರ್ಕಿನ್ಸನ್ ರೋಗಿಗಳನ್ನೂ ಸೇರಿಸಿದರೆ, ನಿರಾಸಕ್ತಿಯುಳ್ಳ ಒಬ್ಬ ಹಿರಿಯರಾದರೂ ಇಲ್ಲದ ಬಂಧುಬಳಗ ಸಿಕ್ಕುವುದು ಕಷ್ಟ.

ಮೆದುಳಿನೊಳಗೆ ನಡೆಯುವುದೇನು?

ಬೆಳಿಗ್ಗೆ ಎದ್ದು ಒಂದು ಲೋಟ ಕಾಫಿ ಮಾಡಿಕೊಳ್ಳುವುದು ಅತಿ ಸರಳವಾದ ಕೆಲಸವೆಂದು ತೋರುತ್ತದೆ. ಆದರೆ ಅದರೊಳಗೆ ಎಷ್ಟು ಹಂತಗಳಿವೆ ನೋಡಿ. ಮೊದಲು ಕಾಫಿ ಬೇಕೆಂಬ ಬಯಕೆ ಹುಟ್ಟಬೇಕು. ಆ ಸವಿಗಾಗಿ ಹಾಸಿಗೆ ಬಿಟ್ಟೇಳುವ ಶ್ರಮ ಪಡಬಹುದೆಂದು ಮನಸ್ಸು ಒಪ್ಪಬೇಕು. ಹಾಲು ಕಾಯಿಸುವುದು, ಡಿಕಾಕ್ಷನ್ ಬೆರೆಸುವುದು, ಸಕ್ಕರೆ ಹಾಕುವುದು ಎಂಬ ಕ್ರಮ ತಲೆಯಲ್ಲಿ ಮೂಡಬೇಕು. ಕಟ್ಟಕಡೆಗೆ ಕಾಲು ನೆಲಕ್ಕೆ ಇಳಿಯಬೇಕು. ಆರೋಗ್ಯವಂತರಲ್ಲಿ ಇವೆಲ್ಲವೂ ಅರಿವಿಗೇ ಬಾರದಂತೆ ನಡೆದುಹೋಗುತ್ತವೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ರೋಗಿ ಹಾಸಿಗೆಯಲ್ಲೇ ಉಳಿಯುತ್ತಾನೆ.

ಹಣೆಯ ಹಿಂದಿರುವ ಮೆದುಳಿನ ಮುಂಭಾಗದ ಹಾಲೆಗಳೂ, ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳೂ ಪರಸ್ಪರ ನರತಂತುಗಳಿಂದ ಕೂಡಿಕೊಂಡಿವೆ. ಪ್ರೇರಣೆಯ ಕೆಲಸ ನಡೆಯುವುದು ಈ ಸಂಪರ್ಕಜಾಲದಲ್ಲಿ. ಫ್ರಾನ್ಸಿನ ವಿಜ್ಞಾನಿಗಳಾದ ರಿಚರ್ಡ್ ಲೆವಿ ಮತ್ತು ಬ್ರೂನೋ ಡ್ಯೂಬುವಾ ಅವರು 2006ರಲ್ಲಿ ಇದನ್ನು ಆಧಾರವಾಗಿಟ್ಟುಕೊಂಡು ನಿರಾಸಕ್ತಿಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಫಲದ ಸವಿಗೂ ಕೆಲಸಕ್ಕೂ ಇರುವ ಭಾವನೆಯ ನಂಟು ತಪ್ಪಿಹೋಗುವುದು ಒಂದು ಬಗೆ. ಕೆಲಸದ ಹಂತಗಳನ್ನು ಯೋಜಿಸಲಾರದೆ ಕೈಚೆಲ್ಲುವುದು ಎರಡನೆಯ ಬಗೆ. ಮೂರನೆಯದು ಎಲ್ಲಕ್ಕಿಂತ ತೀವ್ರವಾದದ್ದು. ಇದರಲ್ಲಿ ರೋಗಿ ತಾನಾಗಿ ಏನನ್ನೂ ಮಾಡುವುದಿಲ್ಲ, ಏನನ್ನೂ ಆಲೋಚಿಸುವುದೂ ಇಲ್ಲ, ಆದರೆ ಬೇರೆಯವರು ಹೇಳಿದರೆ ಸರಿಯಾಗಿಯೇ ಮಾಡುತ್ತಾನೆ.

ಈ ಮೂರನೆಯ ಬಗೆಯನ್ನು ಪ್ಯಾರಿಸ್ಸಿನ ನರವೈದ್ಯ ಡೊಮಿನಿಕ್ ಲಾಪ್ಲಾನ್ ಅವರು 1980ರ ದಶಕದಲ್ಲಿ ವಿವರವಾಗಿ ಬಣ್ಣಿಸಿದರು. ಕಣಜದ ಕಡಿತದಿಂದಲೋ, ಇಂಗಾಲದ ಮಾನಾಕ್ಸೈಡಿನ ವಿಷದಿಂದಲೋ ಬೇಸಲ್ ಗ್ಯಾಂಗ್ಲಿಯಾಕ್ಕೆ ಎರಡೂ ಪಕ್ಕದಲ್ಲಿ ಹಾನಿಯಾಗಿದ್ದ ರೋಗಿಗಳು ಅವರು. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಇಂಥವರು ಹೆಚ್ಚಿನ ಕೊರತೆಯನ್ನೇನೂ ತೋರಿಸುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ಸರಿಯಾಗಿ ಉತ್ತರಿಸುತ್ತಿದ್ದರು. ಕೇಳುವವರು ಎದ್ದುಹೋದೊಡನೆ ಗಂಟೆಗಟ್ಟಲೆ ಸುಮ್ಮನೆ ಕುಳಿತಿರುತ್ತಿದ್ದರು. ಏನು ಯೋಚಿಸುತ್ತಿದ್ದಿರೆಂದರೆ ಏನೂ ಇಲ್ಲವೆನ್ನುತ್ತಿದ್ದರು. ಅವರಿಗೆ ಬೇಸರವೂ ಆಗುತ್ತಿರಲಿಲ್ಲ.

ಇದಕ್ಕೂ ಮುಂಚೆ 1941ರಲ್ಲಿ ಇಂಗ್ಲೆಂಡಿನ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯರು 14 ವರ್ಷದ ಬಾಲಕಿಯೊಬ್ಬಳ ಸ್ಥಿತಿಯನ್ನು ವರದಿ ಮಾಡಿದ್ದರು. ಅವಳ ಕಣ್ಣುಗಳು ತೆರೆದಿದ್ದು, ಎದುರಿಗೆ ಬಂದವರನ್ನು ಹಿಂಬಾಲಿಸುತ್ತಿದ್ದವು. ಆದರೆ ಮಾತೂ ಇರಲಿಲ್ಲ, ಚಲನೆಯೂ ಇರಲಿಲ್ಲ. ಮೆದುಳಿನ ನಡುವಿನ ಕುಹರದಲ್ಲಿ ಬೆಳೆದಿದ್ದ ದ್ರವ ತುಂಬಿದ ಗಂಟನ್ನು ಬರಿದು ಮಾಡಿದಾಗ ಅವಳು ಮತ್ತೆ ಮಾತನಾಡಿದಳು. ಅವಳ ಮೌನಕ್ಕೂ ಅವಳ ಸ್ವಭಾವಕ್ಕೂ ಸಂಬಂಧವಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಡೋಪಮೈನ್ ಎಂಬ ರಾಸಾಯನಿಕ

ಪ್ರೇರಣೆಯ ಜಾಲದಲ್ಲಿ ಸಂದೇಶ ಸಾಗಿಸುವ ರಾಸಾಯನಿಕಗಳ ಪೈಕಿ ಡೋಪಮೈನ್ ಮುಖ್ಯವಾದದ್ದು. ಇದು ಮೆದುಳಿನಲ್ಲಿ ತನ್ನದೇ ಆದ ಕೆಲಸವುಳ್ಳ ವಸ್ತುವೆಂದು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1950ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು. ಇದಕ್ಕಾಗಿ 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಪಾರ್ಕಿನ್ಸನ್ ರೋಗದಿಂದ ಸತ್ತವರ ಮೆದುಳಿನಲ್ಲಿ ಡೋಪಮೈನ್ ಬಹಳ ಕಡಿಮೆಯಿರುವುದನ್ನು 1960ರಲ್ಲಿ ವಿಯೆನ್ನಾದ ಓಲೆ ಹಾರ್ನಿಕೀವಿಚ್ ಕಂಡುಹಿಡಿದರು. ಶರೀರದಲ್ಲಿ ಡೋಪಮೈನಾಗಿ ಮಾರ್ಪಡುವ ಲೆವೊಡೋಪಾ ಎಂಬ ವಸ್ತುವನ್ನು ಅನಂತರ ಔಷಧವಾಗಿ ಕೊಡಲಾರಂಭಿಸಿದರು.

ಈ ಲೆವೊಡೋಪಾ ನಮ್ಮ ನಾಡಿನ ಬೇಲಿಗಳ ಮೇಲೆ ಹಬ್ಬುವ, ಮೈಗೆ ತಗುಲಿದರೆ ತುರಿಕೆಯೆಬ್ಬಿಸುವ ನಸುಗುನ್ನಿಯ ಬೀಜದಲ್ಲಿಯೂ ಇದೆ. ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು 1937ರಲ್ಲಿಯೇ ಅದನ್ನು ಆ ಬೀಜದಿಂದ ಬೇರ್ಪಡಿಸಿದ್ದರು. ಹಾಗೆಂದು ರೋಗಿಗಳು ನಸುಗುನ್ನಿಯ ಪುಡಿಯನ್ನು ತಾವಾಗಿ ಸೇವಿಸತಕ್ಕದ್ದಲ್ಲ. ವೈದ್ಯರು ಕೊಟ್ಟ ಮಾತ್ರೆಯ ಜೊತೆಗೆ ಇದೂ ಸೇರಿದರೆ ಪ್ರಮಾಣ ಮಿತಿಮೀರಿ ಅಪಾಯವಾಗಬಹುದು.

1917ರಲ್ಲಿ ವಿಯೆನ್ನಾದ ಫಾನ್ ಎಕೊನೊಮೊ ಅವರು ವರ್ಣಿಸಿದ 'ನಿದ್ರಾರೋಗ' ಬಗೆಯ ಮೆದುಳಿನ ಉರಿಯೂತ ಮುಂದಿನ ಸುಮಾರು 10 ವರ್ಷಗಳ ಕಾಲ ಹಲವು ದೇಶಗಳಲ್ಲಿ ಹರಡಿತು. ಅದರಿಂದ ಬದುಕುಳಿದ ಅನೇಕರು ಕಾಲಾನಂತರ ಕಲ್ಲಿನ ಪ್ರತಿಮೆಗಳಂತೆ ನಿಶ್ಚಲರಾದರು. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ದಶಕಗಳಿಂದ ಹಾಗೆಯೇ ಇದ್ದ ರೋಗಿಗಳಿಗೆ 1969ರಲ್ಲಿ ಆಲಿವರ್ ಸ್ಯಾಕ್ಸ್ ಎಂಬ ವೈದ್ಯರು ಲೆವೊಡೋಪಾ ಕೊಟ್ಟಾಗ ಹಲವರು ಎದ್ದು ನಡೆದರು, ಮಾತನಾಡಿದರು, ಹಾಡಿದರು. ಅನೇಕರಲ್ಲಿ ಆ ಸುಧಾರಣೆ ಹೆಚ್ಚು ಕಾಲ ನಿಲ್ಲಲಿಲ್ಲ; ದುಷ್ಪರಿಣಾಮಗಳೂ ತೊಂದರೆ ಕೊಟ್ಟವು. ಆದರೂ ಅಷ್ಟು ವರ್ಷಗಳ ನಿಶ್ಚಲತೆಯ ಒಳಗೆ ಒಬ್ಬೊಬ್ಬ ವ್ಯಕ್ತಿಯೂ ಇದ್ದನೆಂಬುದು ಲೋಕಕ್ಕೆ ತಿಳಿಯಿತು.

ಡೋಪಮೈನ್ ಸುಖವನ್ನು ಕೊಡುವ ರಾಸಾಯನಿಕವೆಂದು ಪತ್ರಿಕೆಗಳಲ್ಲಿ ಬರೆಯುವುದುಂಟು. ಇದು ಪೂರ್ತಿ ಸರಿಯಲ್ಲ. ಅಮೆರಿಕದ ಕೆಂಟ್ ಬೆರಿಜ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಇಲಿಗಳ ಮೆದುಳಿನ ಡೋಪಮೈನನ್ನು ಬಹುಮಟ್ಟಿಗೆ ನಾಶಮಾಡಿ ಪರೀಕ್ಷಿಸಿದರು. ಆ ಇಲಿಗಳು ಎದುರಿಗಿದ್ದ ಆಹಾರವನ್ನು ಮುಟ್ಟಲಿಲ್ಲ. ಆದರೆ ಸಿಹಿನೀರನ್ನು ಬಾಯಿಗೆ ಹಾಕಿದಾಗ ಮೊದಲಿನಂತೆಯೇ ಚಪ್ಪರಿಸಿದವು. ಸವಿಯುವ ಶಕ್ತಿ ಉಳಿದಿತ್ತು. ಬಯಸಿ ಹೋಗಿ ಪಡೆಯುವ ಶಕ್ತಿ ಹೋಗಿತ್ತು. ನಿರಾಸಕ್ತಿಯ ಅನೇಕ ರೋಗಿಗಳ ಸ್ಥಿತಿ ಇದೇ. ತಾವಾಗಿ ಹಾಡು ಕೇಳಲು ಹೋಗುವುದಿಲ್ಲ. ಹಾಡು ಹಾಕಿದರೆ ಬೆರಳು ತಾಳ ಹಾಕುತ್ತದೆ.

ಆಕ್ಸ್‌ಫರ್ಡಿನಲ್ಲಿ ಮಸೂದ್ ಹುಸೇನ್ ಮತ್ತವರ ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ರೋಗಿಗಳು ಒಂದು ಹಿಡಿಯನ್ನು ಬಲವಾಗಿ ಹಿಸುಕಿದರೆ ಬಹುಮಾನ ಸಿಕ್ಕುತ್ತಿತ್ತು. ನಿರಾಸಕ್ತಿಯುಳ್ಳ ಪಾರ್ಕಿನ್ಸನ್ ರೋಗಿಗಳು ಅಲ್ಪ ಬಹುಮಾನಕ್ಕಾಗಿ ಶ್ರಮಿಸಲು ಒಪ್ಪುವುದು ಇತರರಿಗಿಂತ ಕಡಿಮೆಯಾಗಿತ್ತು. ಅವರ ತೋಳಿನಲ್ಲಿ ಬಲವಿರಲಿಲ್ಲವೆಂದಲ್ಲ. ಫಲ ಮತ್ತು ಶ್ರಮಗಳನ್ನು ತೂಗುವ ಮೆದುಳಿನ ತಕ್ಕಡಿಯಲ್ಲಿ ಶ್ರಮದ ತಟ್ಟೆಯೇ ಸುಲಭವಾಗಿ ಕೆಳಗಿಳಿಯುತ್ತಿತ್ತು. ಶುಶ್ರೂಷೆಯ ದೃಷ್ಟಿಯಿಂದ ಇದು ಬಹಳ ಉಪಯುಕ್ತವಾದ ಸಂಗತಿ. ಶ್ರಮವನ್ನು ಕಡಿಮೆ ಮಾಡಿ, ಫಲವನ್ನು ಹೆಚ್ಚಿಸಿ ಹತ್ತಿರ ತಂದರೆ ರೋಗಿ ಅಲುಗುವ ಸಂಭವ ಹೆಚ್ಚು.

ಖಿನ್ನತೆಯೋ, ನಿರಾಸಕ್ತಿಯೋ?

ಇವೆರಡೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಎರಡರಲ್ಲೂ ರೋಗಿ ಹಿಂದೆ ಪ್ರಿಯವಾಗಿದ್ದ ಕೆಲಸಗಳನ್ನು ಬಿಡುತ್ತಾನೆ. ಆದರೆ ಖಿನ್ನತೆಯಲ್ಲಿ ನೋವಿದೆ. 'ನನ್ನಿಂದ ಎಲ್ಲರಿಗೂ ತೊಂದರೆ', 'ಇನ್ನು ಬದುಕಿ ಏನು ಪ್ರಯೋಜನ' ಎಂಬ ಮಾತುಗಳಿವೆ. ಅಳು, ನಿದ್ರಾಭಂಗ, ಅಪರಾಧ ಭಾವನೆಗಳಿವೆ. ನಿರಾಸಕ್ತಿಯಲ್ಲಿ ಇವು ಇರುವುದಿಲ್ಲ. ಹೇಗಿದ್ದೀರಿ ಎಂದರೆ 'ಚೆನ್ನಾಗಿದ್ದೇನೆ' ಎಂಬ ಉತ್ತರವೇ ಬರುತ್ತದೆ. ದುಃಖಪಡುತ್ತಿರುವುದು ರೋಗಿಯಲ್ಲ, ಅವನನ್ನು ನೋಡುತ್ತಿರುವ ಮನೆಯವರು.

ಒಬ್ಬನಲ್ಲಿಯೇ ಎರಡೂ ಕೂಡಿರುವುದುಂಟು. ಆದುದರಿಂದ ನಿರ್ಣಯವನ್ನು ವೈದ್ಯರಿಗೇ ಬಿಡಬೇಕು. ಭೇದ ತಿಳಿಯುವುದು ಅಗತ್ಯವೇಕೆಂದರೆ ಚಿಕಿತ್ಸೆ ಬೇರೆಬೇರೆ. ಖಿನ್ನತೆಗೆ ಕೊಡುವ ಸಾಮಾನ್ಯ ಔಷಧಗಳಲ್ಲಿ ಕೆಲವು ನಿರಾಸಕ್ತಿಗೆ ಪ್ರಯೋಜನವಾಗುವುದಿಲ್ಲ. ಕೆಲವರಲ್ಲಿ ಅವೇ ಭಾವನೆಗಳನ್ನು ಇನ್ನಷ್ಟು ಮೊಂಡಾಗಿಸುತ್ತವೆ. ಅದೇ ರೀತಿ ಸಾವಿನ ಮಾತನಾಡುವ ಖಿನ್ನ ರೋಗಿಯನ್ನು 'ಮೆದುಳಿನ ರೋಗ, ಹೀಗೇ ಇರುತ್ತದೆ' ಎಂದು ಕಡೆಗಣಿಸಿದರೆ ಪ್ರಾಣಕ್ಕೇ ಅಪಾಯ.

ಪಾರ್ಕಿನ್ಸನ್ ರೋಗದಲ್ಲಿ ಮುಖದ ಸ್ನಾಯುಗಳು ಬಿಗಿದುಕೊಳ್ಳುವುದರಿಂದ ಮುಖ ಮುಖವಾಡದಂತೆ ಕಾಣುತ್ತದೆ. ಅಂಥವರಿಗೆ ಒಳಗೆ ಆಸಕ್ತಿ, ನಗು ಎರಡೂ ಇದ್ದು, ಮುಖದಲ್ಲಿ ಮಾತ್ರ ತೋರದಿರಬಹುದು. ಕಿವಿ ಮಂದವಾಗಿರುವುದು, ಥೈರಾಯ್ಡ್ ಗ್ರಂಥಿಯ ಸ್ರಾವ ಕುಂದಿರುವುದು, ಬಿ-12 ಜೀವಸತ್ವದ ಕೊರತೆ, ರಕ್ತಹೀನತೆ, ನಿದ್ರೆಯ ಮಾತ್ರೆಗಳು, ಮನೋರೋಗಕ್ಕೆ ಕೊಡುವ ಕೆಲವು ಔಷಧಗಳು ಇವೂ ಮನುಷ್ಯನನ್ನು ಜಡನನ್ನಾಗಿ ಮಾಡಬಲ್ಲವು. ಇವುಗಳಲ್ಲಿ ಹೆಚ್ಚಿನವು ಸುಲಭವಾಗಿ ಸರಿಹೋಗುವಂಥವು. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸುವುದು ಒಳ್ಳೆಯ ಅಭ್ಯಾಸ.

ತಡಮಾಡಬಾರದ ಸಂದರ್ಭಗಳು

ನಿರಾಸಕ್ತಿ ಸಾಮಾನ್ಯವಾಗಿ ನಿಧಾನವಾಗಿ ಆವರಿಸುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದವರು ಇಂದು ಮಂಕಾದರೆ ಅದು ಬೇರೆಯ ವಿಷಯ. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತಡವರಿಸುವುದು ಜೊತೆಗಿದ್ದರೆ ಪಾರ್ಶ್ವವಾಯುವೆಂದು ತಿಳಿದು ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ದೊರೆಯಬೇಕು. ಬಚ್ಚಲಲ್ಲಿ ಜಾರಿಬಿದ್ದು ಕೆಲವು ದಿನ ಅಥವಾ ವಾರಗಳ ಮೇಲೆ ವೃದ್ಧರು ತೂಕಡಿಸತೊಡಗಿದರೆ ತಲೆಬುರುಡೆಯೊಳಗೆ ರಕ್ತ ಶೇಖರವಾಗಿರಬಹುದು. ರಕ್ತ ತೆಳುಮಾಡುವ ಮಾತ್ರೆ ಸೇವಿಸುವವರಲ್ಲಿ ಈ ಸಂಭವ ಹೆಚ್ಚು. ಜ್ವರ, ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಕಡಿಮೆಯಾಗುವುದು ಇವುಗಳಿಂದಲೂ ಹಠಾತ್ತಾಗಿ ಮಂಕು ಕವಿಯುತ್ತದೆ.

ಔಷಧಗಳ ಪಾತ್ರ

ನಿರಾಸಕ್ತಿಗೆಂದೇ ಸಿದ್ಧವಾದ, ಎಲ್ಲರಿಗೂ ಹೊಂದುವ ಔಷಧ ಯಾವುದೂ ಇಲ್ಲ. ಪಾರ್ಕಿನ್ಸನ್ ರೋಗದಲ್ಲಿ ಡೋಪಮೈನ್ ಔಷಧಗಳ ಪ್ರಮಾಣವನ್ನು ಸರಿಹೊಂದಿಸಿದಾಗ ಕೆಲವರಿಗೆ ಗುಣ ಕಾಣುತ್ತದೆ. ಇವುಗಳಲ್ಲಿ ಒಂದು ವರ್ಗದ ಮಾತ್ರೆಗಳಿಂದ ಕೆಲವರಿಗೆ ಜೂಜಿನ ಚಟ, ಮಿತಿಯಿಲ್ಲದೆ ಕೊಳ್ಳುವ ಚಟ ಹತ್ತುವುದುಂಟಾದ್ದರಿಂದ ಮನೆಯವರು ಎಚ್ಚರವಾಗಿರಬೇಕು. ಈ ಮಾತ್ರೆಗಳನ್ನು ಹಠಾತ್ತಾಗಿ ನಿಲ್ಲಿಸುವುದೂ ಅಪಾಯಕರ. ಆಲ್ಜೈಮರ್ ರೋಗದಲ್ಲಿ ನೆನಪಿಗಾಗಿ ಕೊಡುವ ಮಾತ್ರೆಗಳಿಂದ ನಿರಾಸಕ್ತಿಗೂ ಸ್ವಲ್ಪ ಪ್ರಯೋಜನವಾಗಬಹುದು. ಮಿಥೈಲ್‌ಫೆನಿಡೇಟ್ ಎಂಬ ಉತ್ತೇಜಕವನ್ನು 200 ಆಲ್ಜೈಮರ್ ರೋಗಿಗಳ ಮೇಲೆ 6 ತಿಂಗಳ ಕಾಲ ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ನಿರಾಸಕ್ತಿ ಕಡಿಮೆಯಾದದ್ದು ನಿಜ. ಆದರೆ ಆ ಸುಧಾರಣೆ ಅಲ್ಪಪ್ರಮಾಣದ್ದು. ಹೃದಯ ಮತ್ತು ರಕ್ತದೊತ್ತಡಗಳ ಮೇಲೆ ನಿಗಾ ಇಟ್ಟು ತಜ್ಞರೇ ಕೊಡಬೇಕಾದ ಔಷಧವಿದು. ಹೀಗಾಗಿ ಚಿಕಿತ್ಸೆಯ ಬಹುಪಾಲು ಮನೆಯಲ್ಲಿಯೇ ನಡೆಯಬೇಕಾಗಿದೆ.

ಮನೆಯಲ್ಲಿ ಮಾಡಬೇಕಾದ ಶುಶ್ರೂಷೆ

1. ದಿನಚರಿ ಗೊತ್ತುಪಡಿಸಬೇಕು. ಏಳುವುದು, ಸ್ನಾನ, ತಿಂಡಿ, ನಡಿಗೆ, ಮಲಗುವುದು ಪ್ರತಿದಿನವೂ ಒಂದೇ ಹೊತ್ತಿಗೆ ನಡೆಯಲಿ. ಒಳಗಿನ ಗಡಿಯಾರ ನಿಂತಿರುವಾಗ ಹೊರಗಿನ ಗಡಿಯಾರವೇ ಆಸರೆ. ದಿನಚರಿಯನ್ನು ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿಯೇ ಬರೆದು ಗೋಡೆಗೆ ಅಂಟಿಸಬಹುದು.

2. ಕೇಳುವ ರೀತಿಯನ್ನು ಬದಲಿಸಬೇಕು. 'ವಾಕಿಂಗ್ ಹೋಗುತ್ತೀರಾ?' ಎಂದರೆ 'ಬೇಡ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಚಪ್ಪಲಿಯನ್ನು ಕಾಲ ಬಳಿ ಇಟ್ಟು, ಕೈ ನೀಡಿ, 'ಬನ್ನಿ ಮಾವ, ಕೆಳಗೆ ಹೋಗಿ ಬರೋಣ' ಎಂದರೆ ಅನೇಕರು ಎದ್ದುಬರುತ್ತಾರೆ. ಆರಂಭದ ನೂಕು ಸಿಕ್ಕಿದ ಮೇಲೆ ಉಳಿದದ್ದು ಸಾಗುತ್ತದೆ.

3. ಆಯ್ಕೆ ಎರಡಕ್ಕೆ ಸೀಮಿತವಾಗಿರಲಿ. 'ಏನು ತಿನ್ನುತ್ತೀರಿ?' ಎಂಬುದಕ್ಕಿಂತ 'ಉಪ್ಪಿಟ್ಟೋ, ಅವಲಕ್ಕಿಯೋ?' ಎಂಬುದು ಸುಲಭದ ಪ್ರಶ್ನೆ. ರೋಗಿಯ ಇಚ್ಛೆಗೂ ಇದರಲ್ಲಿ ಗೌರವವಿದೆ.

4. ದೊಡ್ಡ ಕೆಲಸವನ್ನು ತುಂಡುಮಾಡಬೇಕು. 'ಸ್ನಾನ ಮಾಡಿ' ಎಂಬುದು ಹತ್ತು ಕೆಲಸಗಳ ಕಂತೆ. ಮೊದಲು ಟವೆಲನ್ನು ಕೈಗೆ ಕೊಡುವುದು, ಬಳಿಕ ಬಚ್ಚಲವರೆಗೆ ಜೊತೆಗೆ ನಡೆಯುವುದು, ಹೀಗೆ ಒಂದೊಂದೇ ಹಂತ ಮುಂದಿಡಬೇಕು.

5. ಹಳೆಯ ಅಭಿರುಚಿಯನ್ನು ಹಿಡಿದು ಹೊರಡಬೇಕು. ಲೆಕ್ಕಪತ್ರದ ಕೆಲಸದಲ್ಲಿದ್ದವರಿಗೆ ಹಾಲಿನ ಲೆಕ್ಕ ಬರೆಯಲು ಕೊಡಬಹುದು. ಅಡುಗೆಯಲ್ಲಿ ನುರಿತ ತಾಯಿಯ ಮುಂದೆ ಅವರೆಕಾಯಿಯ ಬುಟ್ಟಿ ಇಟ್ಟು, ಜೊತೆಗೆ ಕುಳಿತು ಸುಲಿಯಬಹುದು. ಕೆಲಸ ಅಚ್ಚುಕಟ್ಟಾಗಿರಬೇಕೆಂಬ ನಿರೀಕ್ಷೆ ಬೇಡ.

6. ಫಲ ತಕ್ಷಣ ಸಿಕ್ಕಲಿ. ನಡಿಗೆ ಮುಗಿದೊಡನೆ ಬಿಸಿ ಕಾಫಿ, ಕೈವ್ಯಾಯಾಮ ಮುಗಿದೊಡನೆ ಪ್ರಿಯವಾದ ಹಾಡು. 'ಮುಂದೆ ಕೈ ಸರಿಹೋಗುತ್ತದೆ' ಎಂಬ ದೂರದ ಫಲ ಇಂಥವರನ್ನು ಕದಲಿಸಲಾರದು.

7. ಬೇಸರದಿಂದ ಎಲ್ಲವನ್ನೂ ಅವರ ಪರವಾಗಿ ತಾವೇ ಮಾಡಿಬಿಡುವುದು ಸಲ್ಲದು. ತುತ್ತು ಎತ್ತಬಲ್ಲವರಿಗೆ ತಿನ್ನಿಸತೊಡಗಿದರೆ ಇರುವ ಶಕ್ತಿಯೂ ಹೋಗುತ್ತದೆ. ಗದರಿಕೆ, ಹೋಲಿಕೆ, ಮೂದಲಿಕೆಗಳಿಂದಲೂ ಪ್ರಯೋಜನವಿಲ್ಲ.

8. ಹೇಳಿಕೊಳ್ಳದ ತೊಂದರೆಗಳನ್ನು ಹುಡುಕಿ ನೋಡಬೇಕು. ನಿರಾಸಕ್ತಿಯುಳ್ಳವರು ಬಾಯಾರಿಕೆಯಾದರೂ ನೀರು ಕೇಳುವುದಿಲ್ಲ, ಹಲ್ಲುನೋವೆಂದು ಹೇಳುವುದಿಲ್ಲ, ಕುಳಿತಲ್ಲಿಯೇ ಕುಳಿತು ಬೆನ್ನಿನ ಕೆಳಗೆ ಹುಣ್ಣಾದರೂ ಮಗ್ಗುಲು ಬದಲಿಸುವುದಿಲ್ಲ. ಕುಡಿದ ನೀರು, ಮಲಮೂತ್ರ, ಪಾದಗಳು, ಬೆನ್ನಿನ ಚರ್ಮ ಇವನ್ನು ದಿನವೂ ಗಮನಿಸಬೇಕು. ಮಾತ್ರೆ ನುಂಗುವುದನ್ನು ಅವರಿಗೇ ಬಿಡದೆ ಕಣ್ಣಾರೆ ಕಾಣಬೇಕು.

ಪರಸ್ಥಳದ ಕನ್ನಡಿಗರ ವಿಶೇಷ ಸಮಸ್ಯೆ

ಮುಂಬಯಿ, ಪುಣೆ, ದೆಹಲಿಯಂಥ ನಗರಗಳಲ್ಲಿ ನೆಲೆಸಿದ ಕನ್ನಡಿಗರು ವಯಸ್ಸಾದ ತಂದೆತಾಯಿಯರನ್ನು ಊರಿನಿಂದ ಕರೆತರುತ್ತಾರೆ. ಊರಿನಲ್ಲಿ ಜಗಲಿಯ ಮೇಲೆ ಕುಳಿತರೂ ಹಾದುಹೋಗುವವರು ಹತ್ತು ಮಂದಿ ಮಾತನಾಡಿಸುತ್ತಿದ್ದರು. ತುಳಸಿಗೆ ನೀರೆರೆಯುವುದು, ಹೂ ಬಿಡಿಸುವುದು, ದೇವಸ್ಥಾನದ ಗಂಟೆ ಇವೆಲ್ಲ ದಿನವನ್ನು ತಾವಾಗಿ ಮುನ್ನಡೆಸುತ್ತಿದ್ದವು. ನಾಲ್ಕನೆಯ ಮಹಡಿಯ ಮನೆಯಲ್ಲಿ ಈ ಹೊರಗಿನ ಪ್ರೇರಣೆಗಳು ಒಂದೂ ಇಲ್ಲ. ಮಗ, ಸೊಸೆ ಬೆಳಿಗ್ಗೆ ಎಂಟಕ್ಕೆ ಲೋಕಲ್ ರೈಲು ಹಿಡಿದರೆ ಮರಳುವುದು ರಾತ್ರಿಗೆ. ರೋಗದಿಂದ ಒಳಗಿನ ಪ್ರೇರಣೆ ಕುಂದಿದವರಿಗೆ ಹೊರಗಿನದೂ ತಪ್ಪಿದಾಗ ನಿರಾಸಕ್ತಿ ಉಲ್ಬಣಿಸುವುದು ಸಹಜ.

ಭಾಷೆಯ ತೊಡಕು ಇನ್ನೊಂದು. ಮರೆವಿನ ರೋಗದಲ್ಲಿ ಅನೇಕ ವೇಳೆ ಅನಂತರ ಕಲಿತ ಭಾಷೆ ಮೊದಲು ಸಡಿಲವಾಗುತ್ತದೆ. ಹಿಂದಿಯಲ್ಲೋ ಮರಾಠಿಯಲ್ಲೋ ವೈದ್ಯರು ಕೇಳಿದ ಪ್ರಶ್ನೆಗೆ ವೃದ್ಧರು ಸುಮ್ಮನಿದ್ದರೆ, ಅದು ನಿರಾಸಕ್ತಿಯೇ, ಮರೆವೇ, ಭಾಷೆ ತಿಳಿಯದ ಸಂಕೋಚವೇ ಎಂದು ನಿರ್ಧರಿಸುವುದು ಕಷ್ಟ. ಜೊತೆಗೆ ಹೋದವರು ಇದನ್ನು ವೈದ್ಯರ ಗಮನಕ್ಕೆ ತರಬೇಕು. ಎರಡು ವಾರಗಳ ಕಾಲ ರೋಗಿ ತಾನಾಗಿ ಏನು ಮಾಡಿದರು, ಹೇಳಿದ ಮೇಲೆ ಏನು ಮಾಡಿದರು, ಹಿಂದೆ ಹೇಗಿದ್ದರು, ಈ ಬದಲಾವಣೆ ಎಂದಿನಿಂದ ಎಂಬುದನ್ನು ಬರೆದಿಟ್ಟುಕೊಂಡು ಹೋದರೆ ರೋಗನಿರ್ಣಯ ಬಹಳ ಸುಗಮವಾಗುತ್ತದೆ.

ಈ ಕೆಲಸದಲ್ಲಿ ಕನ್ನಡ ಸಂಘಗಳೂ ನೆರವಾಗಬಹುದು. ವಾರಕ್ಕೊಮ್ಮೆ ಸದಸ್ಯರೊಬ್ಬರು ಇಂಥ ಹಿರಿಯರ ಮನೆಗೆ ಹೋಗಿ ಅರ್ಧ ಗಂಟೆ ಕನ್ನಡದಲ್ಲಿ ಮಾತನಾಡಿ, ಪತ್ರಿಕೆ ಓದಿ ಹೇಳಿ ಬಂದರೆ ಅದೂ ಚಿಕಿತ್ಸೆಯೇ. ಸಂಘದ ಭಜನೆ, ಯಕ್ಷಗಾನ, ಹಬ್ಬದೂಟಗಳಿಗೆ ಇವರನ್ನು 'ಅವರಿಗೇನೂ ತಿಳಿಯುವುದಿಲ್ಲ' ಎಂದು ಮನೆಯಲ್ಲೇ ಬಿಡದೆ ಕರೆತಂದು, ಮುಂದಿನ ಸಾಲಿನಲ್ಲಿ ಕೂರಿಸಬೇಕು.

ಶುಶ್ರೂಷೆ ಮಾಡುವವರ ಪಾಡು

ನಿರಾಸಕ್ತಿಯಿಂದ ಹೆಚ್ಚು ಬಳಲುವವರು ಶುಶ್ರೂಷೆ ಮಾಡುವವರು; ಹೆಚ್ಚಿನ ಮನೆಗಳಲ್ಲಿ ಹೆಂಡತಿ, ಸೊಸೆ ಅಥವಾ ಮಗಳು. ಎಷ್ಟು ಮಾಡಿದರೂ ಒಂದು ನಗುವಿಲ್ಲ, ಒಂದು ಒಳ್ಳೆಯ ಮಾತಿಲ್ಲ. ನಲವತ್ತು ವರ್ಷ ಜೊತೆಗೆ ಬಾಳಿದ ಗಂಡ ತಾನು ಜ್ವರದಿಂದ ಮಲಗಿದ್ದರೂ ಏನಾಯಿತೆಂದು ಕೇಳಲಿಲ್ಲವೆಂಬ ನೋವು ಸಣ್ಣದಲ್ಲ. ಪ್ರೀತಿ ಹೋಗಿಲ್ಲ, ಅದನ್ನು ಹೊರತರುವ ಮೆದುಳಿನ ದಾರಿ ಕೆಟ್ಟಿದೆ ಎಂದು ವೈದ್ಯರು ಬಿಡಿಸಿ ಹೇಳಿದಾಗ ಆ ನೋವಿನ ಭಾರ ಸ್ವಲ್ಪ ಇಳಿಯುತ್ತದೆ. ಶುಶ್ರೂಷೆ ಮಾಡುವವರಿಗೂ ವಾರಕ್ಕೆ ಕೆಲವು ಗಂಟೆಗಳ ಬಿಡುವು ಸಿಕ್ಕುವಂತೆ ಮನೆಯ ಉಳಿದವರು ಸರದಿ ಮಾಡಿಕೊಳ್ಳಬೇಕು.

ನೆರವು ನೀಡುವ ಸಂಸ್ಥೆಗಳೂ ಇವೆ. ಮುಂಬಯಿಯಲ್ಲಿ 2001ರಲ್ಲಿ ಆರಂಭವಾದ ಪಾರ್ಕಿನ್ಸನ್ ರೋಗಿಗಳ ಸಂಸ್ಥೆ ಹಲವು ಊರುಗಳಲ್ಲಿ ರೋಗಿಗಳ ಕೂಟಗಳನ್ನು ನಡೆಸುತ್ತದೆ. 1992ರಲ್ಲಿ ಕೇರಳದಲ್ಲಿ ಸ್ಥಾಪಿತವಾದ ಆಲ್ಜೈಮರ್ ಸಂಘಕ್ಕೆ ಹಲವು ನಗರಗಳಲ್ಲಿ ಶಾಖೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಮತ್ತು ಮನೋರೋಗ ವಿಭಾಗಗಳೆರಡೂ ಒಂದೇ ಆವರಣದಲ್ಲಿವೆ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ ಸೇವೆಗೆ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹಿರಿಯರ ಸಹಾಯವಾಣಿಯ ಸಂಖ್ಯೆ 14567.

ನಿರಾಸಕ್ತಿಯನ್ನು ಪೂರ್ಣವಾಗಿ ಗುಣಪಡಿಸುವುದು ಎಲ್ಲರಲ್ಲೂ ಸಾಧ್ಯವಾಗದು. ಆದರೆ ಅದನ್ನು ರೋಗಲಕ್ಷಣವೆಂದು ಗುರುತಿಸಿದ ಮನೆಯಲ್ಲಿ ದೂಷಣೆ ಕಡಿಮೆಯಾಗುತ್ತದೆ, ವ್ಯಾಯಾಮ ಮತ್ತು ಔಷಧಗಳು ತಪ್ಪದೆ ನಡೆಯುತ್ತವೆ, ದಿನಕ್ಕೆ ಒಂದೆರಡು ಗಂಟೆಯಾದರೂ ರೋಗಿ ಎದ್ದು ಬೆರೆಯುವಂತಾಗುತ್ತದೆ. ಮನೆಯಲ್ಲಿ ಮೌನವಾಗಿ ಕುಳಿತ ಹಿರಿಯರಿದ್ದರೆ ಅವರ ಮೌನಕ್ಕೆ ಕಾರಣವೇನೆಂದು ಮುಂದಿನ ಬಾರಿ ವೈದ್ಯರನ್ನು ಕಂಡಾಗ ತಪ್ಪದೆ ವಿಚಾರಿಸುವುದು ಒಳಿತು.